ಬಿಸಿಎಂ ಬದಲಿಸುವ ಮುನ್ನ

ಮುಂಗಾರು ಹಿಡಿದು ನಾಲ್ಕು ದಿನ ಜಡಿದ ಮೇಲೆ ಗ್ಯಾರೇಜುಗಳಿಗೆ ಒಂದು ಬಗೆಯ ಕಾರುಗಳು ಬರತೊಡಗುತ್ತವೆ. ಎಂಜಿನ್ ಸರಿಯಿದೆ, ಗೇರು ಬ್ರೇಕು ಸರಿಯಿವೆ. ಆದರೆ ಇಂಡಿಕೇಟರ್ ಹಾಕಿದರೆ ಅದರ ಜತೆಗೆ ಹಿಂದಿನ ಪಾರ್ಕಿಂಗ್ ಲೈಟೂ ಮಿಣುಕುತ್ತದೆ. ಯಾರೂ ಮುಟ್ಟದಿದ್ದರೂ ಬಾಗಿಲ ಲಾಕು ಟಕ್ ಟಕ್ ಅನ್ನುತ್ತದೆ. ಕಿಟಕಿಯ ಗಾಜು ಅರ್ಧಕ್ಕೇ ನಿಲ್ಲುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಸ್ಕ್ಯಾನರ್ ಹಚ್ಚಿ ಐದು ನಿಮಿಷ ಪರದೆ ನೋಡಿದ ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ: ‘ಬಿಸಿಎಂ ಹೋಗಿದೆ ಸಾರ್, ಹೊಸದೇ ಹಾಕಬೇಕು.’

ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ದೀಪ, ಹಾರ್ನ್, ವೈಪರ್, ಬಾಗಿಲ ಲಾಕು, ಪವರ್ ವಿಂಡೋ, ರಿಮೋಟ್ ಕೀ ಇವುಗಳ ಉಸ್ತುವಾರಿ ನೋಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದರ ಬೆಲೆ, ಕೋಡಿಂಗ್ ಖರ್ಚು, ಬಿಡಿಭಾಗ ಬರುವವರೆಗೆ ಗಾಡಿ ನಿಲ್ಲುವ ದಿನಗಳು ಎಲ್ಲ ಸೇರಿದರೆ ಸಾಮಾನ್ಯ ಸಂಸಾರದ ತಿಂಗಳ ಲೆಕ್ಕವೇ ಏರುಪೇರಾಗುತ್ತದೆ. ಮೆಕ್ಯಾನಿಕ್ ಕೊಟ್ಟ ತೀರ್ಪು ಕೆಲವೊಮ್ಮೆ ಸರಿಯೇ ಇರುತ್ತದೆ. ಆದರೆ ಹೊಸ ಮಾಡ್ಯೂಲ್ ಹಾಕಿಸಿಕೊಂಡು ಹೋಗಿ, ಮುಂದಿನ ಮಳೆಗೆ ಅದೇ ಕಾಯಿಲೆ ಹೊತ್ತು ವಾಪಸು ಬರುವ ಗಾಡಿಗಳೂ ಇವೆ. ಬಿಸಿಎಂ ಕೆಟ್ಟಿದೆ ಅನ್ನುವುದನ್ನು ಅಳೆದು ಸಾಬೀತು ಮಾಡಬೇಕು. ಹಾಗೆ ಅಳೆಯಲು ತಗಲುವ ಸಮಯಕ್ಕೆ ಕೂಲಿ ಕೊಡುವುದನ್ನು ನಾವು ರೂಢಿಸಿಕೊಳ್ಳದಿದ್ದರೆ, ಕೆಡದ ಮಾಡ್ಯೂಲಿಗೆ ದುಡ್ಡು ಸುರಿಯುವುದು ತಪ್ಪುವುದಿಲ್ಲ. ಈ ವಾರ ನಾನು ಹೇಳಬೇಕೆಂದಿರುವುದು ಅದನ್ನೇ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಹಳೆಯ ವ್ಯವಸ್ಥೆ ನೆನಪಿರುತ್ತದೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ಬಲ್ಬು. ದೀಪ ಹತ್ತಲಿಲ್ಲವೆಂದರೆ ಈ ದಾರಿಯಲ್ಲೇ ಎಲ್ಲೋ ಒಂದು ಕಡೆ ಕಡಿದಿರಬೇಕು. ಟೆಸ್ಟ್ ಲ್ಯಾಂಪ್ ಹಿಡಿದು ಒಂದು ತುದಿಯಿಂದ ಹೊರಟರೆ ಸಿಕ್ಕೇ ಸಿಗುತ್ತಿತ್ತು. ಕಾರಿಗೆ ಸೌಕರ್ಯಗಳು ಹೆಚ್ಚಿದಂತೆ ಒಂದೊಂದಕ್ಕೂ ಒಂದೊಂದು ತಂತಿ ಎಳೆಯುವುದು ಕಷ್ಟವಾಯಿತು. ತಂತಿಯ ಕಟ್ಟು ದಪ್ಪವಾಯಿತು, ತೂಕ ಏರಿತು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದಕ್ಕೊಂದು ದಾರಿ ಹುಡುಕಲು ಕುಳಿತು, 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ಆಟೊಮೊಬೈಲ್ ಎಂಜಿನಿಯರುಗಳ ಸಮಾವೇಶದಲ್ಲಿ ತನ್ನ ‘ಕ್ಯಾನ್’ ಪದ್ಧತಿಯನ್ನು ಮಂಡಿಸಿತು. ಒಂದಕ್ಕೊಂದು ಹೆಣೆದ ಎರಡೇ ತಂತಿಗಳ ಮೇಲೆ ಕಾರಿನ ಎಲ್ಲ ಮಾಡ್ಯೂಲುಗಳೂ ಸರದಿಯಂತೆ ಮಾತಾಡುವ ಏರ್ಪಾಡು ಅದು. 1990ರ ದಶಕದ ಆರಂಭದಲ್ಲಿ ಮರ್ಸಿಡಿಸ್-ಬೆಂಜ್‌ನ ಎಸ್-ಕ್ಲಾಸ್ ಕಾರಿಗೆ ಬಂದದ್ದು, ಇವತ್ತು ನಮ್ಮ ಬೀದಿಯ ಸಣ್ಣ ಹ್ಯಾಚ್‌ಬ್ಯಾಕಿನಲ್ಲೂ ಇದೆ.

ಇದರಿಂದ ಸ್ವಿಚ್ಚಿನ ಪಾತ್ರವೇ ಬದಲಾಯಿತು. ಅದೀಗ ಬಿಸಿಎಂಗೆ ಅರ್ಜಿ ಹಾಕುತ್ತದೆ ಅಷ್ಟೆ, ಮಂಜೂರು ಮಾಡುವ ಅಧಿಕಾರ ಬಿಸಿಎಂನದು. ನೀವು ಇಂಡಿಕೇಟರ್ ಕಡ್ಡಿಯನ್ನು ಎಡಕ್ಕೆ ತಳ್ಳಿದಾಗ ಹರಿಯುವುದು ಅತ್ಯಲ್ಪ ಕರೆಂಟು. ಆ ಸಂಜ್ಞೆಯನ್ನು ಬಿಸಿಎಂ ಓದಿ, ತನ್ನೊಳಗಿನ ರಿಲೇ ಅಥವಾ ಟ್ರಾನ್ಸಿಸ್ಟರ್ ಮೂಲಕ ಬಲ್ಬಿಗೆ ಕರೆಂಟು ಬಿಡುತ್ತದೆ, ತಾನೇ ಲೆಕ್ಕ ಹಿಡಿದು ಮಿಣುಕಿಸುತ್ತದೆ. ಎಷ್ಟು ಕರೆಂಟು ಹೋಯಿತು ಅನ್ನುವುದನ್ನೂ ಅನೇಕ ಕಾರುಗಳಲ್ಲಿ ಅದು ಗಮನಿಸುತ್ತದೆ. 21 ವಾಟಿನ ಬಲ್ಬು ತೆಗೆದು ಅಗ್ಗದ ಎಲ್‌ಇಡಿ ಹಾಕಿದರೆ ಇಂಡಿಕೇಟರ್ ಬಡಬಡನೆ ಬಡಿದುಕೊಳ್ಳುವುದು ಈ ಕಾರಣಕ್ಕೆ. ಕರೆಂಟು ಕಡಿಮೆ ಹೋಗಿದ್ದರಿಂದ ಬಲ್ಬು ಸುಟ್ಟಿದೆ ಎಂದು ಬಿಸಿಎಂ ತಿಳಿಯುತ್ತದೆ, ನಿಮಗೆ ಎಚ್ಚರಿಕೆ ಕೊಡುತ್ತದೆ. ಆಗಲೂ ಬಿಸಿಎಂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ.

ಎಲ್ಲವೂ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗುವುದರಿಂದ ಎಲ್ಲಿ ಏನು ಕೆಟ್ಟರೂ ಅದರ ಲಕ್ಷಣ ಈ ಪೆಟ್ಟಿಗೆಯ ಕಡೆಗೇ ಬೆರಳು ತೋರಿಸುತ್ತದೆ. ಬಾಗಿಲ ಸಂದಿನಲ್ಲಿ ತಂತಿ ತುಂಡಾದರೂ ಬಿಸಿಎಂ, ಬ್ಯಾಟರಿ ಸೊರಗಿದರೂ ಬಿಸಿಎಂ, ಅರ್ತ್ ಬೋಲ್ಟು ತುಕ್ಕು ಹಿಡಿದರೂ ಬಿಸಿಎಂ. ಗಡಿಬಿಡಿಯ ರೋಗನಿರ್ಣಯ ಹುಟ್ಟುವುದು ಇಲ್ಲಿಂದ.

ಇದಕ್ಕೆ ಬಹಳ ದೊಡ್ಡ ಉದಾಹರಣೆ ಅಮೆರಿಕದ್ದು. 2014ರ ಮೇ 15ರಂದು ಜನರಲ್ ಮೋಟರ್ಸ್ ಕಂಪನಿ 24 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಿತು. 2004ರಿಂದ 2012ರವರೆಗಿನ ಷೆವರ್ಲೆ ಮಾಲಿಬು, ಅದರ ಜತೆಗೆ ಪಾಂಟಿಯಾಕ್ ಜಿ6, ಸ್ಯಾಟರ್ನ್ ಔರಾ. ದೂರು ಏನೆಂದರೆ, ಬ್ರೇಕ್ ಒತ್ತಿದಾಗ ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ, ಒತ್ತದಿದ್ದಾಗ ತಾನೇ ಹತ್ತುತ್ತಿತ್ತು. ಹಿಂದೆ ಬರುವವನಿಗೆ ಮುಂದಿನ ಕಾರು ನಿಲ್ಲುತ್ತಿದೆ ಎಂದು ತಿಳಿಯುವ ಬಗೆಯೇ ಇಲ್ಲ. 13 ಅಪಘಾತಗಳಾಗಿದ್ದವು, ಇಬ್ಬರಿಗೆ ಗಾಯವಾಗಿತ್ತು. ಆ ಕಾರುಗಳಲ್ಲಿ ಪೆಡಲು ಎಷ್ಟು ಕೆಳಗಿಳಿದಿದೆ ಅನ್ನುವುದನ್ನು ಒಂದು ಸೆನ್ಸರ್ ವೋಲ್ಟೇಜಿನ ರೂಪದಲ್ಲಿ ಹೇಳುತ್ತಿತ್ತು, ಬಿಸಿಎಂ ಅದನ್ನು ಓದಿ ದೀಪ ಹತ್ತಿಸುತ್ತಿತ್ತು. ಹಾಗಾದರೆ ಲಕ್ಷಾಂತರ ಬಿಸಿಎಂಗಳು ಕೆಟ್ಟಿದ್ದವೇ? ಇಲ್ಲ. ದೋಷ ಇದ್ದದ್ದು ಬಿಸಿಎಂಗೆ ತಂತಿ ಸೇರುವ ಕಪ್ಲರಿನಲ್ಲಿ. ಗಾಡಿ ಓಡುವಾಗಿನ ಸಣ್ಣ ಅದುರಾಟಕ್ಕೆ ಲೋಹದ ಪಿನ್ನುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಉಜ್ಜಿದಲ್ಲಿ ಹೊಸ ಲೋಹ ಗಾಳಿಗೆ ತೆರೆದುಕೊಂಡು ಕಿಲುಬು ಹಿಡಿಯುತ್ತದೆ, ಆ ಕಿಲುಬಿನ ಪುಡಿ ಅಲ್ಲೇ ಕೂರುತ್ತದೆ. ತಡೆ ಅಷ್ಟಿಷ್ಟೇ ಏರುತ್ತ ಹೋಗಿ ಸೆನ್ಸರಿನ ವೋಲ್ಟೇಜು ಅತ್ತಿತ್ತ ಸರಿಯುತ್ತದೆ, ಪೆಡಲು ಸರಿಯಿತೆಂದು ಬಿಸಿಎಂ ಭ್ರಮಿಸುತ್ತದೆ. ಡೀಲರುಗಳಿಗೆ ಕಂಪನಿ ಹೇಳಿದ ಪರಿಹಾರ ಹೀಗಿತ್ತು: ಕಪ್ಲರ್ ಅಲುಗಾಡದಂತೆ ಒಂದು ಸಣ್ಣ ತುಂಡನ್ನು ಸಿಕ್ಕಿಸಿ, ಪಿನ್ನುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಪೆಡಲಿನ ಮೂಲಸ್ಥಾನವನ್ನು ಬಿಸಿಎಂಗೆ ಮತ್ತೆ ಕಲಿಸಿ. 24 ಲಕ್ಷ ಕಾರುಗಳ ‘ಬಿಸಿಎಂ ಕಾಯಿಲೆ’ಗೆ ಮದ್ದಾದದ್ದು ಒಂದಿಷ್ಟು ಗ್ರೀಸು.

ಹಾಗಾದರೆ ಸರಿಯಾದ ತಪಾಸಣೆ ಹೇಗೆ ಸಾಗಬೇಕು? ಒಳ್ಳೆಯ ಎಲೆಕ್ಟ್ರಿಷಿಯನ್ ಮೊದಲು ಕೇಳುವುದು ಯಾವುದು ಕೆಟ್ಟಿದೆ ಎಂದಲ್ಲ, ಯಾವುದು ಸರಿಯಿದೆ ಎಂದು. ಬಲಗಡೆಯ ಎರಡೂ ಬಾಗಿಲ ಗಾಜು ಏಳುತ್ತಿಲ್ಲ, ಎಡಗಡೆಯವು ಏಳುತ್ತವೆ ಅಂದರೆ ಆ ಎರಡಕ್ಕೂ ಸಾಮಾನ್ಯವಾದ ಫ್ಯೂಸು, ಅರ್ತು, ಕಪ್ಲರು ಯಾವುದು ಎಂದು ವೈರಿಂಗ್ ನಕ್ಷೆಯಲ್ಲಿ ನೋಡುತ್ತಾನೆ. ಹಿಂದಿನ ವೈಪರ್, ಡಿಕ್ಕಿಯ ಲಾಕು, ನಂಬರ್ ಪ್ಲೇಟಿನ ದೀಪ ಮೂರೂ ಒಟ್ಟಿಗೆ ಸತ್ತಿದ್ದರೆ ಅವನ ಕೈ ಡಿಕ್ಕಿ ಬಾಗಿಲ ರಬ್ಬರ್ ಕೊಳವೆಯ ಕಡೆ ಹೋಗುತ್ತದೆ. ದಿನವೂ ತೆರೆದು ಮುಚ್ಚುವ ಬಾಗಿಲಲ್ಲಿ ತಂತಿಗಳು ಮಡಚಿ ಬಿಡಿಸಿ ಒಳಗೊಳಗೇ ತುಂಡಾಗುವುದು ಅಲ್ಲಿಯೇ. ಲಕ್ಷಣಗಳಿಗೆ ಇಂಥ ಒಂದು ಸಾಮಾನ್ಯ ಎಳೆ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು ಬ್ಯಾಟರಿ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯನ್ನು ನಂಬುವಂತಿಲ್ಲ. ವೋಲ್ಟೇಜು ಕುಸಿದ ಕ್ಷಣದಲ್ಲಿ ಮಾಡ್ಯೂಲುಗಳು ಆರಿ ಮತ್ತೆ ಏಳುತ್ತವೆ, ಏಳುವಾಗ ಒಂದರ ಮೇಲೊಂದು ದೂರು ದಾಖಲಿಸುತ್ತವೆ. ಸ್ಕ್ಯಾನರ್ ಹಚ್ಚಿದವನಿಗೆ ಕೋಡುಗಳ ಉದ್ದನೆಯ ಪಟ್ಟಿ ಕಾಣುತ್ತದೆ. ಹೊಸ ಬ್ಯಾಟರಿ ಹಾಕಿ ಕೋಡು ಅಳಿಸಿದರೆ ಒಂದೂ ಮರಳಿ ಬರದಿರುವುದುಂಟು. ಬ್ಯಾಟರಿ ಪರೀಕ್ಷಿಸದೆ ಮಾಡ್ಯೂಲಿನ ಮೇಲೆ ತಪ್ಪು ಹೊರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮೂರನೆಯದು ಸ್ಕ್ಯಾನರ್ ಹೇಳುವ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು. ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರಿನ ಕಡೆ, ಸಿ ಇದ್ದರೆ ಚಾಸಿಸ್, ಬಿ ಇದ್ದರೆ ಬಾಡಿ, ಯು ಇದ್ದರೆ ಮಾಡ್ಯೂಲುಗಳ ನಡುವಿನ ಸಂಪರ್ಕ. ‘ಯು0140’ ಅನ್ನುವ ಕೋಡು ಬಂದರೆ ‘ಬಿಸಿಎಂ ಕೆಟ್ಟಿದೆ’ ಎಂದು ಓದುವವರು ಬಹಳ. ಅದು ಹೇಳುವುದು ಬೇರೆ. ಬಿಸಿಎಂನಿಂದ ತನಗೆ ಸಂದೇಶ ಬರುತ್ತಿಲ್ಲ ಎಂದು ಇನ್ನೊಂದು ಮಾಡ್ಯೂಲ್ ದೂರು ಕೊಟ್ಟಿದೆ, ಅಷ್ಟೇ. ಬಿಸಿಎಂಗೆ ಕರೆಂಟೇ ತಲುಪದಿರಬಹುದು, ಅರ್ತ್ ಕಡಿದಿರಬಹುದು, ಮಾತಾಡುವ ತಂತಿ ತುಂಡಾಗಿರಬಹುದು, ಕೊನೆಗೆ ಬಿಸಿಎಂ ನಿಜಕ್ಕೂ ಸತ್ತಿರಬಹುದು. ನಾಲ್ಕರಲ್ಲಿ ಯಾವುದು ಎಂದು ಹುಡುಕಬೇಕಾದವನು ಮನುಷ್ಯ. ಆ ಕೆಲಸ ಸ್ಕ್ಯಾನರಿನದಲ್ಲ.

ನಾಲ್ಕನೆಯದು, ನನ್ನ ಪ್ರಕಾರ ಇಡೀ ತಪಾಸಣೆಯ ಜೀವಾಳ: ಲೋಡ್ ಇಟ್ಟು ಅಳೆಯುವುದು. ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಕಾರು ಬೇರೆ ಕಡೆಯಿಂದ ‘ಬಿಸಿಎಂ ಬದಲಿಸಿ’ ಎಂಬ ಚೀಟಿ ಹಿಡಿದು ಬಂದಿತ್ತು. ವಯಸ್ಸಾದ ಮೇಸ್ತ್ರಿ ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನಮೇಲೆ ಮಲಗಿ ಬಿಸಿಎಂನ ಕಪ್ಲರ್ ಬಿಚ್ಚಿದರು. ಹುಡುಗ ಮೀಟರ್ ಹಿಡಿದು, ‘ಕರೆಂಟು ಸರಿಯಾಗಿದೆ ಅಣ್ಣ, 12.4 ತೋರಿಸ್ತಿದೆ’ ಅಂದ. ‘ಬಲ್ಬ್ ಹಚ್ಚಿ ನೋಡೋ’ ಅಂದರು ಮೇಸ್ತ್ರಿ. ಎರಡು ತಂತಿ ಬೆಸೆದಿಟ್ಟುಕೊಂಡ 21 ವಾಟಿನ ಹಳೇ ಇಂಡಿಕೇಟರ್ ಬಲ್ಬನ್ನು ಅದೇ ಪ್ಲಸ್ಸಿಗೂ ಅದೇ ಅರ್ತಿಗೂ ಮುಟ್ಟಿಸಿದಾಗ ಬಲ್ಬು ಕೆಂಪಗೆ ಹತ್ತಿತು, ಬೆಳಕು ಬರಲಿಲ್ಲ. ಅರ್ತಿನ ತಂತಿ ಹಿಡಿದು ಹೋದರೆ ಚಾಲಕನ ಕಾಲ ಬಳಿಯ ಪ್ಲಾಸ್ಟಿಕ್ ಪಟ್ಟಿಯ ಹಿಂದೆ, ಬಾಡಿಗೆ ಬಿಗಿದ ಬೋಲ್ಟಿನ ಕೆಳಗೆ ಹಸಿರು ಕಿಲುಬು. ಮರಳು ಕಾಗದದಲ್ಲಿ ತಗಡು ಉಜ್ಜಿ ಹೊಳೆಯಿಸಿ, ಹೊಸ ಲಗ್ ಒತ್ತಿ, ಬೋಲ್ಟು ಬಿಗಿದು ಮೇಲೆ ಗ್ರೀಸು ಸವರಿದರು. ಅದೇ ಬಲ್ಬು ಕಣ್ಣು ಕುಕ್ಕುವಂತೆ ಹತ್ತಿತು. ಕಪ್ಲರ್ ಹಾಕಿದ ಮೇಲೆ ಲಾಕೂ ಸರಿ, ಗಾಜೂ ಸರಿ.

ಅಲ್ಲಿ ಆದದ್ದೇನು? ಮೀಟರು ಎಳೆದುಕೊಳ್ಳುವ ಕರೆಂಟು ತೀರಾ ಕಡಿಮೆ. ಇಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜು ಕಾಣುತ್ತದೆ. 21 ವಾಟಿನ ಬಲ್ಬು ಹೆಚ್ಚುಕಡಿಮೆ 1.75 ಆಂಪಿಯರ್ ಕೇಳುತ್ತದೆ, ಆಗ ಕಿಲುಬಿನ ತಡೆ ಬಯಲಾಗುತ್ತದೆ. ಇದನ್ನೇ ಅಂಕಿಯಲ್ಲಿ ಹೇಳುವ ಕ್ರಮವೂ ಇದೆ. ದೀಪ, ಬ್ಲೋವರ್ ಎಲ್ಲ ಹಾಕಿಟ್ಟು, ಮೀಟರಿನ ಒಂದು ಮುಳ್ಳನ್ನು ಬಿಸಿಎಂನ ಅರ್ತ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಇಡಬೇಕು. ಸುಮಾರು 0.1 ವೋಲ್ಟಿನೊಳಗೆ ಇದ್ದರೆ ಅರ್ತ್ ಗಟ್ಟಿ. ಅರ್ಧ ವೋಲ್ಟು ದಾಟಿದರೆ ಕಳ್ಳ ಸಿಕ್ಕಿದ ಹಾಗೆ. ಅರ್ತ್ ಕೆಟ್ಟಾಗ ಕರೆಂಟು ವಾಪಸು ಹೋಗಲು ಬೇರೆ ದಾರಿ ಹುಡುಕಿ ಪಕ್ಕದ ದೀಪದ ಮೂಲಕ ನುಗ್ಗುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ಮಿಣುಕುವುದು ಅದಕ್ಕೇ.

ಐದನೆಯದು ಮಾತಾಡುವ ತಂತಿ. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳು ಕ್ಯಾನ್ ತಂತಿಯವು, 16 ಬ್ಯಾಟರಿಯ ಪ್ಲಸ್, 4 ಬಾಡಿ ಅರ್ತ್. ಕ್ಯಾನ್ ತಂತಿಯ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಅಳೆದರೆ ಹೆಚ್ಚಿನ ಕಾರುಗಳಲ್ಲಿ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ಕಡೆ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಒಂದಕ್ಕೊಂದು ತಾಗಿವೆ. ಗಾಡಿ ಆನ್ ಇದ್ದು ತಂತಿ ಸುಮ್ಮನಿರುವಾಗ ಎರಡರಲ್ಲೂ 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಇಷ್ಟು ನೋಡಲು ದೊಡ್ಡ ಉಪಕರಣ ಬೇಡ, ಸಾಧಾರಣ ಮಲ್ಟಿಮೀಟರ್ ಮತ್ತು ತಾಳ್ಮೆ ಇದ್ದರೆ ಆರಂಭಿಸಬಹುದು.

ಇವೆಲ್ಲ ಸರಿಯಿದ್ದರೆ ಮಾತ್ರ ಬಿಸಿಎಂ ಕಡೆ ತಿರುಗಬೇಕು. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸ್ವಿಚ್ಚಿನ ಸಂಜ್ಞೆ ಬಿಸಿಎಂ ತಲುಪುತ್ತಿದೆಯೇ? ಡೋರ್ ತೆರೆದಾಗ ‘ತೆರೆದಿದೆ’ ಎಂದು ತೋರಿಸುತ್ತಿದೆಯೇ? ಸ್ಕ್ಯಾನರಿನಿಂದಲೇ ಹಾರ್ನ್ ಹೊಡೆ, ಗಾಜು ಇಳಿಸು ಎಂದು ಆಜ್ಞೆ ಕೊಟ್ಟಾಗ ಹೊರಹೋಗುವ ಪಿನ್ನಿನಲ್ಲಿ ವೋಲ್ಟೇಜು ಬರುತ್ತಿದೆಯೇ? ಸಂಜ್ಞೆ ಒಳಗೆ ಬರುತ್ತಿದೆ, ಕರೆಂಟೂ ಅರ್ತೂ ಲೋಡಿನಲ್ಲಿ ಸರಿಯಿವೆ, ಹೊರಹೋಗುವ ತಂತಿ ಎಲ್ಲೂ ಶಾರ್ಟಾಗಿಲ್ಲ, ಆದರೂ ಪಿನ್ನಿನಲ್ಲಿ ಏನೂ ಬರುತ್ತಿಲ್ಲ ಎಂದಾದರೆ ಆಗ ಬಿಸಿಎಂ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಬ್ಯಾಟರಿ ಇಳಿಯುವ ಕಾಯಿಲೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಗಾಡಿ ಲಾಕ್ ಮಾಡಿದ ಮೇಲೆ ಮಾಡ್ಯೂಲುಗಳು ಒಂದೊಂದಾಗಿ ನಿದ್ದೆಗೆ ಜಾರುತ್ತವೆ. ಕೆಲವು ಕಾರುಗಳಲ್ಲಿ ಇದಕ್ಕೆ ಅರ್ಧ ಗಂಟೆಯೂ ಹಿಡಿಯುತ್ತದೆ. ಆಮೇಲೆ ಎಳೆಯುವ ಕರೆಂಟು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಒಂದು ಬಾಗಿಲ ಸ್ವಿಚ್ಚು ‘ತೆರೆದಿದೆ’ ಎಂದು ಸುಳ್ಳು ಹೇಳುತ್ತಿದ್ದರೆ ಸಾಕು, ಬಿಸಿಎಂ ಎಚ್ಚರವಾಗಿಯೇ ಇರುತ್ತದೆ. ಅರ್ಧ ಆಂಪಿಯರ್ ಸೋರಿದರೆ ದಿನಕ್ಕೆ 12 ಆಂಪಿಯರ್-ಗಂಟೆ ಹೋಯಿತು. 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನದಲ್ಲಿ ಬರಿದು. ಇಲ್ಲೂ ಬಯ್ಗುಳ ಬೀಳುವುದು ಬಿಸಿಎಂಗೆ, ತಪ್ಪು ಇರುವುದು ಬಾಗಿಲ ಸ್ವಿಚ್ಚಿನಲ್ಲಿ. ಕಂಪನಿ ಬಿಟ್ಟು ಹೊರಗಡೆ ಹಾಕಿಸಿದ ಕ್ಯಾಮೆರಾ, ಅಲಾರಂ, ಫಾಗ್ ಲ್ಯಾಂಪುಗಳೂ ಇದೇ ಕೆಲಸ ಮಾಡುತ್ತವೆ. ತಂತಿಯ ಸಿಪ್ಪೆ ಸುಲಿದು ಸುತ್ತಿ ಟೇಪ್ ಹಚ್ಚಿದ ಜೋಡಣೆಗಳನ್ನು ನೋಡಿದಲ್ಲೆಲ್ಲ ಮೊದಲು ಅವನ್ನೇ ಬಿಚ್ಚಿ ಪರೀಕ್ಷಿಸಬೇಕು.

ನಮ್ಮ ಕರಾವಳಿ, ಮಲೆನಾಡಿನ ಗಾಡಿಗಳಿಗಂತೂ ನೀರೇ ಮುಖ್ಯ ವೈರಿ. ಬಿಸಿಎಂ ಇರುವುದು ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಬಾಕ್ಸಿನ ಅಕ್ಕಪಕ್ಕ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ-ಕಸ ತುಂಬಿದರೆ ಮಳೆನೀರು ಹೊರಹೋಗುವ ತೂತು ಕಟ್ಟಿಕೊಂಡು ಒಳಕ್ಕೆ ತಿರುಗುತ್ತದೆ. ಮರದ ನೆರಳಲ್ಲಿ ನಿಲ್ಲುವ ಗಾಡಿಗೆ ಇದು ಕಟ್ಟಿಟ್ಟ ಬುತ್ತಿ. ಸನ್‌ರೂಫಿನ ಕೊಳವೆ ಕಟ್ಟಿದರೂ, ಎ.ಸಿ. ನೀರಿನ ಪೈಪು ಕಟ್ಟಿದರೂ ನೀರು ಇಳಿಯುವುದು ಕಾಲ ಬಳಿಗೇ. ಬೆಂಗಳೂರಿನಲ್ಲಿ ಅಂಡರ್‌ಪಾಸಿನ ನೀರಿಗೆ ಸಿಕ್ಕಿದ ಗಾಡಿಗಳ ಕಥೆಯೂ ಇದೇ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಕೈಯಿಂದ ಒತ್ತಿ ನೋಡಿದರೆ ತಿಳಿಯುತ್ತದೆ. ಇನ್ನು ಇಲಿ. ಬೆಚ್ಚಗಿನ ಎಂಜಿನ್ ಕೋಣೆಗೆ ನುಗ್ಗಿ ತಂತಿ ಕಡಿಯುವ ಇಲಿಯಿಂದ ಹಾಳಾಗುವ ವೈರಿಂಗ್ ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಬಾನೆಟ್ ಎತ್ತಿ ಹಿಕ್ಕೆ, ಕಚ್ಚಿದ ಗುರುತು ಇದೆಯೇ ಎಂದು ನೋಡುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಸರಿ, ಬಿಸಿಎಂ ನಿಜಕ್ಕೂ ಕೆಟ್ಟಿದೆ ಎಂದು ಸಾಬೀತಾಯಿತು ಎನ್ನೋಣ. ಆಗ ಮೊದಲ ಪ್ರಶ್ನೆ: ಯಾಕೆ ಕೆಟ್ಟಿತು? ನೀರು ಸೋರುವ ಜಾಗ ಮುಚ್ಚದೆ, ಶಾರ್ಟಾದ ಮೋಟರ್ ಬದಲಿಸದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಎರಡನೆಯ ಪ್ರಶ್ನೆ: ಹಳೆಯದನ್ನೇ ರಿಪೇರಿ ಮಾಡಬಹುದೇ? ರಿಲೇಯ ಬೆಸುಗೆ ಬಿರುಕು ಬಿಟ್ಟಿದ್ದರೆ, ಒಂದು ಟ್ರಾನ್ಸಿಸ್ಟರ್ ಸುಟ್ಟಿದ್ದರೆ, ಅದನ್ನು ಬದಲಿಸಬಲ್ಲ ಕುಶಲಿಗಳು ನಮ್ಮ ನಗರಗಳಲ್ಲಿ ಇದ್ದಾರೆ. ಮಾಡ್ಯೂಲಿನ ನೆನಪು ಹಾಗೆಯೇ ಉಳಿಯುವುದರಿಂದ ಕೀ, ಕೋಡಿಂಗ್ ತಾಪತ್ರಯವೂ ಇರುವುದಿಲ್ಲ. ಆದರೆ ನೀರು ಕುಡಿದು ಬೋರ್ಡಿನ ಗೆರೆಗಳೇ ಕರಗಿದ್ದರೆ ರಿಪೇರಿಯ ಮೇಲೆ ಭರವಸೆ ಇಡುವುದು ಕಷ್ಟ.

ಹೊಸದು ತರಿಸುವುದಾದರೆ ಪಾರ್ಟ್ ನಂಬರ್ ಅಕ್ಷರ ಅಕ್ಷರವೂ ಹೊಂದಬೇಕು. ಒಂದೇ ಮಾದರಿಯ ಕಾರಿನಲ್ಲೂ ಬೇಸ್ ಮತ್ತು ಟಾಪ್ ವೇರಿಯಂಟಿನ ಬಿಸಿಎಂ ಬೇರೆ ಇರಬಹುದು. ಬಿಚ್ಚುವ ಮುನ್ನ ಹಳೆಯದು ಇನ್ನೂ ಮಾತಾಡುತ್ತಿದ್ದರೆ ಅದರ ಕಾನ್ಫಿಗರೇಷನ್ ಓದಿಟ್ಟುಕೊಳ್ಳಬೇಕು. ಈ ಗಾಡಿಗೆ ಎಷ್ಟು ಬಾಗಿಲು ಲಾಕು, ಫಾಗ್ ಲ್ಯಾಂಪ್ ಇದೆಯೇ, ಆಟೋ ವೈಪರ್ ಇದೆಯೇ ಅನ್ನುವ ಪಟ್ಟಿ ಅದು. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಏರ್‌ಬ್ಯಾಗ್ ವ್ಯವಸ್ಥೆಯ ಉಳಿಕೆ ಕರೆಂಟು ಇಳಿಯಲು ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಹಳದಿ ಕಪ್ಲರುಗಳು ಕಂಡರೆ ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಕೈ ಹಾಕುವಂತಿಲ್ಲ. ಹೊಸದನ್ನು ಜೋಡಿಸಿದ ಮೇಲೆ ಗಾಡಿಯ 17 ಅಕ್ಷರಗಳ ಚಾಸಿಸ್ ನಂಬರನ್ನು ಅದರಲ್ಲಿ ಬರೆದು, ವೇರಿಯಂಟ್ ಕೋಡಿಂಗ್ ಮಾಡಬೇಕು. ಈ ಹೊತ್ತಿನಲ್ಲಿ ವೋಲ್ಟೇಜು ಕುಸಿದರೆ ಬರವಣಿಗೆ ಅರ್ಧಕ್ಕೆ ನಿಂತು ಹೊಸ ಮಾಡ್ಯೂಲೇ ನಿಷ್ಪ್ರಯೋಜಕವಾಗಬಹುದು. ಹಾಗಾಗಿ ಬ್ಯಾಟರಿಗೆ ಚಾರ್ಜರ್ ಆಸರೆ ಕೊಟ್ಟೇ ಕೂರಬೇಕು.

ಕೀ ವಿಷಯ ಇನ್ನೂ ಸೂಕ್ಷ್ಮ. ಕೀಲಿಯೊಳಗಿನ ಚಿಪ್ಪಿನ ಗುರುತು ಹಿಡಿದು ಎಂಜಿನ್ ಓಡಲು ಬಿಡುವ ಇಮೊಬಿಲೈಸರ್ ಅನೇಕ ಕಾರುಗಳಲ್ಲಿ ಬಿಸಿಎಂ ಒಳಗೇ ಇರುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಬಿಸಿಎಂ ಬದಲಾದರೆ ಎಲ್ಲ ಕೀಲಿಗಳನ್ನೂ ಮತ್ತೆ ಕಲಿಸಬೇಕು. ಮನೆಯಲ್ಲಿರುವ ಎರಡನೇ ಕೀಲಿಯನ್ನೂ ಒಯ್ಯದಿದ್ದರೆ ಆಮೇಲೆ ಅದು ಕೆಲಸಕ್ಕೆ ಬಾರದು. ಶಿವಾಜಿನಗರದ ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಬಿಸಿಎಂ ಅಗ್ಗ ನಿಜ. ಆದರೆ ಅದರೊಳಗೆ ಇನ್ನೊಂದು ಗಾಡಿಯ ಚಾಸಿಸ್ ನಂಬರ್, ಇನ್ನೊಂದು ಗಾಡಿಯ ಕೀಲಿ, ಕೆಲವು ಕಾರುಗಳಲ್ಲಿ ಓಡಿದ ಕಿಲೋಮೀಟರಿನ ಲೆಕ್ಕದ ಪ್ರತಿಯೂ ಕೂತಿರುತ್ತದೆ. ಅಳಿಸಿ ಬರೆಯಲು ಕೆಲವು ತಯಾರಕರು ಬಿಡುವುದೇ ಇಲ್ಲ. ಕೊಳ್ಳುವ ಮೊದಲೇ ಈ ಮಾತು ಇತ್ಯರ್ಥವಾಗಬೇಕು.

ಇಲ್ಲಿಗೆ ತಾಂತ್ರಿಕ ಮಾತು ಮುಗಿದು ನ್ಯಾಯದ ಮಾತು ಬರುತ್ತದೆ. ಮೇಲೆ ಹೇಳಿದ ಕ್ರಮ ಅನುಸರಿಸಲು ವೈರಿಂಗ್ ನಕ್ಷೆ ಬೇಕು, ಕಂಪನಿಯ ಮಟ್ಟದ ಸ್ಕ್ಯಾನರ್ ಬೇಕು, ಕೋಡಿಂಗಿಗೆ ಅನುಮತಿ ಬೇಕು. ಬೀದಿಯ ಗ್ಯಾರೇಜಿಗೆ ಇವು ಸಿಗುತ್ತಿಲ್ಲ ಎಂಬುದು ಹಳೆಯ ದೂರು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ತಪಾಸಣಾ ಉಪಕರಣ, ರಿಪೇರಿ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ತಡೆದದ್ದು ಸ್ಪರ್ಧೆಗೆ ಮಾರಕ ಎಂದಿತು. ಆಮೇಲೆ ಮೇಲ್ಮನವಿಗಳು ನಡೆದವು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜತೆಗೆ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕೊಂದು ಪೋರ್ಟಲ್ ತೆರೆಯಿತು. ಹೆಜ್ಜೆ ಒಳ್ಳೆಯದು. ಆದರೆ ಕೀಲಿಯ ಸುರಕ್ಷತೆಗೆ ಧಕ್ಕೆಯಾಗದ ಹಾಗೆ, ಗುರುತು ನೋಂದಾಯಿಸಿದ ಯಾವ ಮೆಕ್ಯಾನಿಕ್ಕಿಗೂ ನಕ್ಷೆ ಮತ್ತು ಕೋಡಿಂಗ್ ಸೌಲಭ್ಯ ನ್ಯಾಯಬೆಲೆಗೆ ಸಿಗುವಂತಾದಾಗಲೇ ಅದಕ್ಕೆ ಅರ್ಥ.

ಸರ್ಕಾರದ ಪಾಲು ಅಷ್ಟಾದರೆ, ಗಾಡಿ ಮಾಲೀಕರಾದ ನಮ್ಮ ಪಾಲೂ ಇದೆ. ಡಾಕ್ಟರಿಗೆ ಫೀಸು ಕೊಡುತ್ತೇವೆ, ಮಾತ್ರೆಗೆ ಬೇರೆ ಕೊಡುತ್ತೇವೆ. ಮೆಕ್ಯಾನಿಕ್ಕಿಗೆ ಮಾತ್ರ ‘ಏನು ಹಾಕಿದೆ?’ ಎಂದು ಕೇಳಿ ಹಾಕಿದ ಸಾಮಾನಿಗಷ್ಟೇ ಲೆಕ್ಕ ಕೊಡುತ್ತೇವೆ. ಎರಡು ಗಂಟೆ ಬೆನ್ನಮೇಲೆ ಮಲಗಿ ಅರ್ತ್ ಬೋಲ್ಟು ಹುಡುಕಿ ಉಜ್ಜಿದವನಿಗೆ ನೂರು ರೂಪಾಯಿ ಕೊಟ್ಟು, ಐದು ನಿಮಿಷದಲ್ಲಿ ಮಾಡ್ಯೂಲ್ ಬದಲಿಸಲು ಹೇಳಿದವನಿಗೆ ಸಾವಿರಾರು ಕೊಟ್ಟರೆ, ಮುಂದಿನ ಹುಡುಗ ಕಲಿಯುವುದು ಯಾವ ವಿದ್ಯೆ? ಮೀಟರ್ ಹಿಡಿಯುವುದನ್ನು ಬಿಟ್ಟು ಬಿಡಿಭಾಗ ಬದಲಿಸುವುದನ್ನೇ ಕಲಿಯುತ್ತಾನೆ. ತಪ್ಪು ಅವನೊಬ್ಬನದಲ್ಲ.

ಆದ್ದರಿಂದ ಮುಂದಿನ ಸಲ ‘ಬಿಸಿಎಂ ಹೋಗಿದೆ’ ಎಂಬ ಮಾತು ಕೇಳಿದಾಗ ಜಗಳ ಬೇಡ, ಮೂರು ಪ್ರಶ್ನೆ ಕೇಳಿ. ಲೋಡ್ ಇಟ್ಟು ಕರೆಂಟು ಮತ್ತು ಅರ್ತ್ ಅಳೆದಿರಾ, ಎಷ್ಟು ಬಂತು? ಬಿಸಿಎಂ ಒಳಗೆ ಸಂಜ್ಞೆ ಬಂದು ಹೊರಗೆ ಹೋಗುತ್ತಿಲ್ಲ ಎಂಬುದನ್ನು ಸ್ಕ್ಯಾನರಿನಲ್ಲಿ ತೋರಿಸುತ್ತೀರಾ? ಕೆಡಲು ಕಾರಣವೇನು, ಅದನ್ನು ಸರಿಪಡಿಸಿದಿರಾ? ಮೂರಕ್ಕೂ ಉತ್ತರ ಸಿಕ್ಕಿದರೆ ಸಂಶಯ ಬಿಟ್ಟು ಮಾಡ್ಯೂಲ್ ಹಾಕಿಸಿ. ಸಿಗದಿದ್ದರೆ, ‘ಮೊದಲು ಪೂರ್ತಿ ಚೆಕ್ ಮಾಡಿ, ಅದಕ್ಕೆ ಎಷ್ಟಾಗುತ್ತೋ ಕೊಡ್ತೀನಿ’ ಅನ್ನಿ. ಎಷ್ಟು ಎಂದು ಮುಂಚೆಯೇ ಮಾತಾಡಿಕೊಳ್ಳಿ, ಬಿಲ್ಲಿನಲ್ಲಿ ತಪಾಸಣೆಯನ್ನು ಬೇರೆ ಸಾಲಿನಲ್ಲಿ ಬರೆಸಿ. ಗಾಡಿ ಒಂದು ಬೋಲ್ಟು ಬಿಗಿದು ಸರಿಯಾದರೂ ಆ ಸಾಲಿನ ದುಡ್ಡನ್ನು ಚೌಕಾಸಿ ಮಾಡದೆ ಕೊಟ್ಟುಬಿಡಿ.